ಮೂರು ಸುತ್ತು ಗಾಳದ ದಾರ: ಹೋಲಿಕೆ ಕಲಿಸುವ ಒಂದು ವಿಜ್ಞಾನ ಪಾಠ

ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ನನಗೆ ಮತ್ತೆ ಮತ್ತೆ ಎದುರಾಗುವ ದೃಶ್ಯವೊಂದಿದೆ. ಕಪ್ಪುಹಲಗೆಯ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ. ಎಡಕ್ಕೆ 'ಲೋಹಗಳು', ಬಲಕ್ಕೆ 'ಅಲೋಹಗಳು'. ಅಥವಾ ಎಡಕ್ಕೆ 'ನೈಸರ್ಗಿಕ ಎಳೆ', ಬಲಕ್ಕೆ 'ಸಂಶ್ಲೇಷಿತ ಎಳೆ'. ಐದು ಅಂಶ ಇತ್ತ, ಐದು ಅಂಶ ಅತ್ತ. ಮಕ್ಕಳು ಬರೆದುಕೊಳ್ಳುತ್ತಾರೆ, ಪ್ರಶಿಕ್ಷಣಾರ್ಥಿ ಪಾಠಯೋಜನೆಯಲ್ಲಿ 'ವ್ಯತ್ಯಾಸಗಳನ್ನು ಗುರುತಿಸುವರು' ಎಂಬ ಕಲಿಕಾ ಫಲದ ಮುಂದೆ ಗುರುತು ಹಾಕುತ್ತಾರೆ. ಯಾವ ಕೆಲಸಕ್ಕಾಗಿ ಹೋಲಿಸುತ್ತಿದ್ದೇವೆ, ಯಾವುದನ್ನು ಸಮವಾಗಿಟ್ಟುಕೊಂಡು ಹೋಲಿಸುತ್ತಿದ್ದೇವೆ ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ. ಅವಿಲ್ಲದ ಹೋಲಿಕೆ ಬರಿಯ ಪಟ್ಟಿ.

ಈ ಎರಡು ಪ್ರಶ್ನೆಗಳನ್ನು ಮಕ್ಕಳ ಬಾಯಿಂದಲೇ ಹೊರಡಿಸುವ ವಸ್ತುವೊಂದು ಬೇಕಾಗಿತ್ತು. ನಾನು ಆರಿಸಿಕೊಂಡದ್ದು ಮೀನು ಹಿಡಿಯುವ ಗಾಳದ ದಾರ. ಕತ್ರಿಗುಪ್ಪೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಜೋಡಿ ಅವಧಿಯಲ್ಲಿ ಮಾದರಿ ಪಾಠ ಮಾಡಿದೆ. ನಮ್ಮ ಪ್ರಶಿಕ್ಷಣಾರ್ಥಿಗಳು ಹಿಂದೆ ಕುಳಿತು ವೀಕ್ಷಿಸಿದರು. ಹತ್ತನೆಯವರಿಗೆ ಒಂದೇ ಅವಧಿ ಸಿಕ್ಕಿತು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ನಮ್ಮ ಕೈಗೆ ಕೊಡಲು ಯಾವ ಶಾಲೆಯವರೂ ಹಿಂದೆಮುಂದೆ ನೋಡುತ್ತಾರೆ, ಅದು ಎಲ್ಲರಿಗೂ ಗೊತ್ತಿರುವುದೇ. ಪಾಠವನ್ನು ತಮ್ಮ ಶಾಲೆಯಲ್ಲಿ ಮಾಡಬಯಸುವವರಿಗಾಗಿ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಈ ಪಾಠದಲ್ಲಿ ವಿಧಾನಕ್ಕಿಂತ ಮೊದಲು ಶಿಕ್ಷಕರಿಗೆ ವಸ್ತು ಗೊತ್ತಿರಬೇಕು.

ದಕ್ಷಿಣ ಬೆಂಗಳೂರಿನಲ್ಲಿ ಗಾಳದ ಪಾಠ ಎಂದಾಗ ಒಬ್ಬ ಪ್ರಶಿಕ್ಷಣಾರ್ಥಿ ಅನುಮಾನ ತೋರಿಸಿದ್ದರು. ಅನುಮಾನ ಸುಳ್ಳಾಗಲಿಲ್ಲ. ದಾರದ ಸುತ್ತನ್ನು ಮೇಜಿನ ಮೇಲಿಟ್ಟು "ಇದೇನು?" ಎಂದಾಗ ಮೊದಲು ಬಂದ ಉತ್ತರ "ಮಣಿ ಪೋಣಿಸೋ ದಾರ ಮೇಡಂ". ಎರಡನೆಯದು "ಗಾಳಿಪಟದ್ದು". ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಮೆಲ್ಲಗೆ, "ಗಾಳದ್ದು. ಮದ್ದೂರಲ್ಲಿ ನಮ್ಮ ತಾತ ಹಾಕ್ತಾರೆ" ಎಂದ. ಮುಂದಿನ ಸಾಲಿನಲ್ಲಿ ಒಬ್ಬಳು ಮೂಗು ಮುರಿದು, "ಮೇಡಂ, ನಮ್ಮನೇಲಿ ಮೀನು ತಿನ್ನಲ್ಲ" ಎಂದಳು. "ಇವತ್ತು ಮೀನು ಬರೋದೇ ಇಲ್ಲಮ್ಮ, ದಾರ ಮಾತ್ರ" ಎಂದು ಹೇಳಿ ಮುಂದುವರಿದೆ. ಇಲ್ಲಿ ಉಪದೇಶ ಬೇಡ. ಆದರೆ ಆ ಹುಡುಗನ ಕಡೆ ಮತ್ತೆ ತಿರುಗಿ, "ನಿಮ್ಮ ತಾತ ಯಾವ ದಾರ ಕಟ್ಟುತ್ತಾರೆ, ಎರೆ ಏನು?" ಎಂದು ಕೇಳುವುದು ಬೇಕು. ಎರೆಹುಳು, ಒಮ್ಮೊಮ್ಮೆ ರಾಗಿ ಮುದ್ದೆ ಎಂದ. ಮುದ್ದೆ ಎಂದಾಗ ತರಗತಿಯೆಲ್ಲ ನಕ್ಕಿತು. ಕಾವೇರಿಯಲ್ಲಿ ಮಶೀರ್ ಹಿಡಿಯುತ್ತಿದ್ದ ಹವ್ಯಾಸಿಗಳೂ ರಾಗಿ ಮುದ್ದೆಯ ಉಂಡೆಯನ್ನೇ ಕೊಕ್ಕೆಗೆ ಮೆತ್ತುತ್ತಿದ್ದರು ಎಂದು ಹೇಳಿದೆ. ನಗು ನಿಂತಿತು. ಆಮೇಲೆ ಪಾಠ ಮುಗಿಯುವವರೆಗೆ ಅನುಮಾನ ಬಂದಾಗಲೆಲ್ಲ ಮಕ್ಕಳು ಅವನತ್ತ ತಿರುಗುತ್ತಿದ್ದರು. ಮನೆಯಲ್ಲಿ ಮೀನಿನ ಕೆಲಸವಿರುವ ಮಗು ನಗರದ ತರಗತಿಯಲ್ಲಿ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ, ಅದನ್ನು ಗಮನಿಸಿ.

ಇನ್ನು ವಸ್ತು. ಅಂಗಡಿಯಲ್ಲಿ ಸಿಗುವ ಗಾಳದ ದಾರ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನೈಲಾನಿನ ಒಂಟಿ ಎಳೆ. ಕರಾವಳಿಯವರು ತಂಗೂಸಿ ಎನ್ನುವುದು ಇದನ್ನೇ. ನೈಲಾನನ್ನು 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಂಡ ತಯಾರಿಸಿತು. ಎರಡನೆಯದು ಫ್ಲೋರೊಕಾರ್ಬನ್. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇದರಿಂದ ಗಾಳದ ದಾರ ಮಾಡಿತು. ಹೆಸರು ಕೇಳಿ ಮಕ್ಕಳು ಓಝೋನ್ ಪದರ, ರೆಫ್ರಿಜರೇಟರ್ ಎಂದೆಲ್ಲ ಹೇಳುತ್ತಾರೆ; ಅದು ಕ್ಲೋರೊಫ್ಲೋರೊಕಾರ್ಬನ್ ಅನಿಲ, ಇದು ಘನ ಪಾಲಿಮರ್. ಇದರ ರಾಸಾಯನಿಕ ಹೆಸರು ಪಾಲಿವಿನೈಲಿಡೀನ್ ಫ್ಲೋರೈಡ್. ಸರಪಳಿಯಲ್ಲಿ ಒಂದು ಕಾರ್ಬನ್ನಿಗೆ ಎರಡು ಹೈಡ್ರೋಜನ್, ಮುಂದಿನ ಕಾರ್ಬನ್ನಿಗೆ ಎರಡು ಫ್ಲೋರಿನ್, ಹೀಗೆ ಒಂದು ಬಿಟ್ಟು ಒಂದು. ಎಲ್ಲ ಕಡೆಯೂ ಫ್ಲೋರಿನ್ನೇ ಇದ್ದರೆ ಅದು ದೋಸೆ ಕಾವಲಿಯ ಟೆಫ್ಲಾನ್. ಮೂರನೆಯದು ಹೆಣೆದ ದಾರ: ಅತಿ ಉದ್ದದ ಸರಪಳಿಯ ಪಾಲಿಥಿಲೀನಿನ ಸಣ್ಣ ಎಳೆಗಳನ್ನು ಜಡೆಯ ಹಾಗೆ ಹೆಣೆದದ್ದು. ಇದು ಪಾರದರ್ಶಕವಲ್ಲ.

ಮೂರನ್ನೂ ಎರಡೆರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ನಾಲ್ಕು ಮಕ್ಕಳ ಗುಂಪಿಗೆ ಒಂದು ಲೋಟ ನೀರು, ಒಂದು ಬೆಂಕಿಕಡ್ಡಿ ಕೊಟ್ಟೆ. ಯಾವುದು ಮುಳುಗುತ್ತದೆ ಎಂದು ಮೊದಲು ಊಹಿಸಿ ಬರೆಯಬೇಕು, ಆಮೇಲೆ ನೀರಿಗೆ ಹಾಕಬೇಕು. ಹೆಚ್ಚಿನ ಗುಂಪುಗಳಲ್ಲಿ ಮೂರೂ ತೇಲಿದವು! ತೆಳುವಾದ ತುಂಡನ್ನು ನೀರಿನ ಮೇಲ್ಮೈ ಸೆಳೆತ ಎತ್ತಿ ಹಿಡಿಯುತ್ತದೆ, ಸೂಜಿಯನ್ನು ಹಿಡಿಯುವ ಹಾಗೆ. ಇದನ್ನು ಮುಂಚೆಯೇ ಹೇಳಿಬಿಡಬೇಡಿ. "ಹಾಗಾದರೆ ಮೂರರ ಸಾಂದ್ರತೆಯೂ ಒಂದಕ್ಕಿಂತ ಕಡಿಮೆಯೇ?" ಎಂದಷ್ಟೇ ಕೇಳಿ, ಕಡ್ಡಿಯಿಂದ ಒಮ್ಮೆ ಒಳಗೆ ತಳ್ಳಿ ನೋಡಲು ಹೇಳಿ. ಫ್ಲೋರೊಕಾರ್ಬನ್ ಸರ್ರನೆ ತಳ ಸೇರುತ್ತದೆ, ನೈಲಾನ್ ನಿಧಾನವಾಗಿ ಇಳಿಯುತ್ತದೆ, ಹೆಣೆದ ದಾರ ಮತ್ತೆ ಮೇಲಕ್ಕೆ ಬರುತ್ತದೆ. ಸಾಪೇಕ್ಷ ಸಾಂದ್ರತೆಗಳು ಕ್ರಮವಾಗಿ ಸುಮಾರು 1.78, 1.14, 0.97. ಸಂಖ್ಯೆಗಳನ್ನು ನಾನು ಹಲಗೆಯ ಮೇಲೆ ಬರೆದದ್ದು ಮಕ್ಕಳು ನೋಡಿ ಮುಗಿಸಿದ ಮೇಲೆ.

ಪಾಠದ ಅತ್ಯಂತ ಒಳ್ಳೆಯ ಭಾಗ ಇದರ ಮುಂದಿನದು. ಫ್ಲೋರೊಕಾರ್ಬನ್ ದಾರದ ಪೊಟ್ಟಣದ ಮೇಲೆ ಸಾಮಾನ್ಯವಾಗಿ 'ನೀರಿನಲ್ಲಿ ಕಾಣಿಸುವುದಿಲ್ಲ' ಎಂಬ ಅರ್ಥದ ಮಾತು ಇರುತ್ತದೆ. ನಿಜವೇ? ಹತ್ತನೆಯ ತರಗತಿಯ ಬೆಳಕಿನ ಪಾಠದಲ್ಲಿ ವಕ್ರೀಭವನ ಸೂಚ್ಯಂಕಗಳ ಕೋಷ್ಟಕವಿದೆ: ನೀರು 1.33, ಆಲ್ಕೊಹಾಲ್ 1.36, ಸೀಮೆಎಣ್ಣೆ 1.44, ವಜ್ರ 2.42. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ, ಬಳಸುವುದಿಲ್ಲ. ಫ್ಲೋರೊಕಾರ್ಬನ್ನಿನ ಸೂಚ್ಯಂಕ 1.42, ನೈಲಾನಿನದು ಸುಮಾರು 1.53. ಕೋಷ್ಟಕದ ಯಾವ ಸಾಲಿನ ನಡುವೆ ಇವನ್ನು ಸೇರಿಸುತ್ತೀರಿ ಎಂದು ಕೇಳಿದೆ. ಒಂದು ವಸ್ತುವಿನ ಸೂಚ್ಯಂಕ ಸುತ್ತಲಿನ ಮಾಧ್ಯಮದ ಸೂಚ್ಯಂಕಕ್ಕೆ ಹತ್ತಿರವಾದಷ್ಟೂ ಬೆಳಕು ಅದರ ಅಂಚಿನಲ್ಲಿ ಕಡಿಮೆ ಬಾಗುತ್ತದೆ, ಕಡಿಮೆ ಪ್ರತಿಫಲಿಸುತ್ತದೆ, ಆದ್ದರಿಂದ ಅಂಚು ಕಣ್ಣಿಗೆ ಬೀಳುವುದಿಲ್ಲ. ನೀರಿಗೂ ಫ್ಲೋರೊಕಾರ್ಬನ್ನಿಗೂ ಅಂತರ 0.09; ನೀರಿಗೂ ನೈಲಾನಿಗೂ 0.20. ಪ್ರಶಿಕ್ಷಣಾರ್ಥಿಗಳಿಗಾಗಿ ಮಾತ್ರ ಒಂದು ಲೆಕ್ಕ: ನೇರವಾಗಿ ಬೀಳುವ ಬೆಳಕಿನಲ್ಲಿ ಪ್ರತಿಫಲಿಸುವ ಭಾಗವೆಂದರೆ ಎರಡು ಸೂಚ್ಯಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಬಂದದ್ದರ ವರ್ಗ. ನೀರೊಳಗೆ ಅದು ಫ್ಲೋರೊಕಾರ್ಬನ್ನಿಗೆ ಶೇ 0.1, ನೈಲಾನಿಗೆ ಶೇ 0.5ರ ಆಸುಪಾಸು. ಗಾಳಿಯಲ್ಲಾದರೆ ಶೇ 3 ಮತ್ತು ಶೇ 4ಕ್ಕೂ ಸ್ವಲ್ಪ ಹೆಚ್ಚು. ಅಂದರೆ ಗಾಳಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಮಿನುಗುತ್ತವೆ. ನೀರಿಗೆ ಇಳಿದಾಗಲೇ ಭೇದ. 'ಕಾಣಿಸುವುದಿಲ್ಲ' ಎನ್ನುವುದು ಉತ್ಪ್ರೇಕ್ಷೆ, 'ಕಡಿಮೆ ಕಾಣಿಸುತ್ತದೆ' ಎನ್ನುವುದು ಸತ್ಯ.

ಹಾಗಾದರೆ ನಿಜವಾಗಿಯೂ ಕಾಣದ ಹಾಗೆ ಮಾಡಬಹುದೇ? ಸೂಚ್ಯಂಕ 1.42 ಇರುವ ದ್ರವ ಬೇಕು. ಅದು ಅಡುಗೆಮನೆಯಲ್ಲೇ ಇದೆ: ನೂರು ಗ್ರಾಂ ನೀರಿಗೆ ನೂರು ಗ್ರಾಂ ಸಕ್ಕರೆ. ತೂಕದಲ್ಲಿ ಅರ್ಧ ಸಕ್ಕರೆ ಇರುವ ಪಾಕದ ವಕ್ರೀಭವನ ಸೂಚ್ಯಂಕ 1.42. ಸ್ವಲ್ಪ ಬೆಚ್ಚಗೆ ಮಾಡಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ; ಬಿಸಿ ಇದ್ದರೆ ಸೂಚ್ಯಂಕ ಇಳಿಯುತ್ತದೆ. ನೀರಿನ ಲೋಟ ಒಂದು, ಪಾಕದ ಲೋಟ ಒಂದು ಪಕ್ಕಪಕ್ಕ ಇಟ್ಟು, ಬಣ್ಣವಿಲ್ಲದ ಫ್ಲೋರೊಕಾರ್ಬನ್ ಎಳೆಯನ್ನು ಎರಡರಲ್ಲೂ ಇಳಿಬಿಡಿ. ಪಾಕದಲ್ಲಿ ಮುಳುಗಿದ ಭಾಗ ಹೆಚ್ಚುಕಡಿಮೆ ಮಾಯವಾಗುತ್ತದೆ, ದಾರವನ್ನು ದ್ರವದ ಮಟ್ಟದಲ್ಲಿ ಕತ್ತರಿಸಿದ ಹಾಗೆ. ನೈಲಾನ್ ಎಳೆಯನ್ನು ಇಳಿಬಿಟ್ಟರೆ ಅದು ಅಲ್ಲಿಯೂ ಕಾಣುತ್ತದೆ. ಹತ್ತನೆಯ ತರಗತಿಯ ಮಕ್ಕಳು ಇದನ್ನು ನೋಡಲು ಬೆಂಚು ಬಿಟ್ಟು ಎದ್ದು ಬಂದರು, ನಾನು ತಡೆಯಲಿಲ್ಲ.

ಅದೇ ಪಾಕದಲ್ಲಿ ಇನ್ನೊಂದು ಲಾಭವಿದೆ. ಅದರ ಸಾಂದ್ರತೆ 1.23. ನೀರಿನಲ್ಲಿ ಮುಳುಗಿದ ನೈಲಾನ್ ತುಂಡನ್ನು ಪಾಕಕ್ಕೆ ಹಾಕಿ ತಳ್ಳಿದರೆ ಮೇಲೆ ಬರುತ್ತದೆ! 'ನೈಲಾನ್ ಮುಳುಗುತ್ತದೆ' ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದ ಒಂಬತ್ತನೆಯ ತರಗತಿಯವರು ಈಗ ವಾಕ್ಯವನ್ನು ತಿದ್ದಬೇಕಾಯಿತು. 'ನೀರಿನಲ್ಲಿ' ಎಂಬ ಒಂದು ಪದ ಸೇರಿಸಿದರು. ಆ ಪದ ಸೇರಿಸಲು ನಾನು ಹೇಳಿರಲಿಲ್ಲ.

ಗಟ್ಟಿತನಕ್ಕೆ ಬಂದಾಗ ಹೋಲಿಕೆಯ ನಿಜವಾದ ತೊಡಕು ಶುರುವಾಗುತ್ತದೆ. ದಾರದ ಸುತ್ತಿನ ಮೇಲೆ ಎರಡು ಸಂಖ್ಯೆಗಳಿರುತ್ತವೆ: ಎಳೆಯ ವ್ಯಾಸ ಮಿಲಿಮೀಟರಿನಲ್ಲಿ, ತಡೆಯುವ ಭಾರ ಪೌಂಡಿನಲ್ಲಿ ಅಥವಾ ಕಿಲೋದಲ್ಲಿ. ಒಂದು ಪೌಂಡ್ ಎಂದರೆ 0.454 ಕಿಲೋಗ್ರಾಂ, ಹತ್ತು ಪೌಂಡಿನ ದಾರ ಸುಮಾರು ನಾಲ್ಕೂವರೆ ಕಿಲೋ. ಮೂರು ಬಗೆಯ ಹತ್ತು ಪೌಂಡಿನ ದಾರಗಳನ್ನು ಪಕ್ಕದಲ್ಲಿಟ್ಟರೆ ಹೆಣೆದದ್ದು ಉಳಿದೆರಡಕ್ಕಿಂತ ಎಷ್ಟೋ ಸಣ್ಣ. "ಮೇಡಂ, ಇದು ಸಣ್ಣ ಇದೆಯಲ್ಲ, ಹೋಲಿಸೋದು ಹೇಗೆ?" ಎಂದು ಒಬ್ಬಳು ಕೇಳಿದಳು. ಮನೆಯಲ್ಲಿ ಮೀನು ತಿನ್ನುವುದಿಲ್ಲ ಎಂದಿದ್ದವಳೇ. ನಾನು ಉತ್ತರ ಕೊಡದೆ ಹಲಗೆಯ ಮೇಲೆ ಪ್ರಶ್ನೆಯನ್ನು ಬರೆದೆ. ವ್ಯಾಸ ಸಮವಾಗಿಡಬೇಕೋ, ತಡೆಯುವ ಭಾರ ಸಮವಾಗಿಡಬೇಕೋ? ತರಗತಿ ಎರಡು ಪಕ್ಷವಾಯಿತು. ವಸ್ತುವಿನ ಗುಣ ತಿಳಿಯಬೇಕಾದರೆ ವ್ಯಾಸ ಸಮವಿರಲಿ, ಮೀನು ಹಿಡಿಯುವವನಿಗೆ ಆಯ್ಕೆ ಮಾಡಿಕೊಡಬೇಕಾದರೆ ಭಾರ ಸಮವಿರಲಿ ಎಂಬಲ್ಲಿಗೆ ಚರ್ಚೆ ಬಂದು ನಿಲ್ಲಲು ಹತ್ತು ನಿಮಿಷ ಹಿಡಿಯಿತು. ಇಡೀ ಪಾಠದಲ್ಲಿ ಈ ಹತ್ತು ನಿಮಿಷವನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬಾರದು. 'ಸಮಯ ಮೀರಿತು' ಎಂದು ವೀಕ್ಷಣಾ ಪಟ್ಟಿಯಲ್ಲಿ ಅಂಕ ಕಳೆಯುವ ಮಾರ್ಗದರ್ಶಕರಿಗೂ ಈ ಮಾತು.

ಹಿಗ್ಗುವಿಕೆಯ ಪರೀಕ್ಷೆ ಸರಳ. ಒಂದು ಮೀಟರ್ ದಾರವನ್ನು ಕಿಟಕಿಯ ಸರಳಿಗೆ ಕಟ್ಟಿ, ಸಡಿಲು ಹೋಗಲು ಮೊದಲು ಕಾಲು ಲೀಟರ್ ನೀರಿನ ಬಾಟಲಿ ತೂಗಿಸಿ ಗುರುತು ಮಾಡಿ, ಆಮೇಲೆ ಒಂದು ಲೀಟರಿನದು. ಬಾಟಲಿ ನೆಲದಿಂದ ಗೇಣುದ್ದಕ್ಕಿಂತ ಎತ್ತರ ಇರಬಾರದು, ಮಕ್ಕಳ ಮುಖ ದಾರದ ನೇರಕ್ಕೆ ಬರಬಾರದು. ಹೆಣೆದ ದಾರ ಹಿಗ್ಗಿದ್ದು ಕಣ್ಣಿಗೆ ಕಾಣಲೇ ಇಲ್ಲ. ನೈಲಾನ್, ಫ್ಲೋರೊಕಾರ್ಬನ್ ಎರಡೂ ಹಿಗ್ಗಿದವು. ಫ್ಲೋರೊಕಾರ್ಬನ್ ಹಿಗ್ಗುವುದೇ ಇಲ್ಲ ಎಂಬ ಮಾರಾಟದ ಮಾತು ನಿಲ್ಲುವುದಿಲ್ಲ. ಎರಡು ಗುಂಪುಗಳಲ್ಲಿ ಇವೆರಡರ ನಡುವಿನ ಅಂತರ, ಒಂದೇ ದಾರವನ್ನು ಇಬ್ಬರು ಅಳೆದಾಗ ಬಂದ ಅಂತರಕ್ಕಿಂತ ಚಿಕ್ಕದಾಗಿತ್ತು. ಅದನ್ನು ವ್ಯತ್ಯಾಸ ಎನ್ನಬಹುದೇ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ನೆನೆದ ದಾರವನ್ನು ಪರೀಕ್ಷಿಸಲು ಹಿಂದಿನ ದಿನವೇ ತುಂಡುಗಳನ್ನು ನೀರಿಗೆ ಹಾಕಿಡಿ. ಪೂರ್ತಿ ನೆಂದ ನೈಲಾನ್ 6 ತನ್ನ ತೂಕದ ಸುಮಾರು ಶೇ 9ರಷ್ಟು ನೀರು ಕುಡಿಯುತ್ತದೆ. ಮೆತ್ತಗಾಗುತ್ತದೆ, ಬಲವೂ ಸ್ವಲ್ಪ ಕುಂದುತ್ತದೆ. ಫ್ಲೋರೊಕಾರ್ಬನ್ ನೀರನ್ನು ಹೀರುವುದಿಲ್ಲ ಎಂದೇ ಹೇಳಬಹುದು. ಅದರ ತೊಂದರೆ ಗಂಟಿನಲ್ಲಿ: ಒಣಗಿದ್ದಾಗ ಬಿಗಿದರೆ ಉಜ್ಜಿದ ಬಿಸಿಗೆ ಮೇಲ್ಮೈ ಕೆಟ್ಟು ಅಲ್ಲಿಯೇ ತುಂಡಾಗುತ್ತದೆ. ಅದಕ್ಕೇ ಗಾಳ ಕಟ್ಟುವವರು ಗಂಟನ್ನು ಬಾಯಲ್ಲಿ ಒದ್ದೆ ಮಾಡಿ ಎಳೆಯುವುದು.

ಈಗ 'ಯಾವ ಕೆಲಸಕ್ಕೆ' ಎಂಬ ಪ್ರಶ್ನೆ. ನಾಲ್ಕು ಸನ್ನಿವೇಶ ಕೊಟ್ಟೆ, ದಾರ ಆರಿಸಿ ಕಾರಣ ಹೇಳಬೇಕು. ಕೆರೆಯಲ್ಲಿ ಬೆಂಡು ಕಟ್ಟಿ ಗೆಂಡೆ ಮೀನಿಗೆ ಕಾಯುವವನಿಗೆ ನೈಲಾನ್ ಸಾಕು. ಫ್ಲೋರೊಕಾರ್ಬನ್ ಮುಳುಗಿ ಬೆಂಡಿನಿಂದ ದಡದವರೆಗಿನ ದಾರವನ್ನು ಕೆಳಕ್ಕೆ ಎಳೆಯುತ್ತದೆ. ಕಲ್ಲು ತುಂಬಿದ ತಳದಲ್ಲಿ ಎರೆ ಇಡುವವನಿಗೆ ಅದೇ ಮುಳುಗುವ ಗುಣ ಬೇಕು, ಉಜ್ಜಾಟ ತಡೆಯುವ ಗಡಸು ಮೇಲ್ಮೈಯೂ ಬೇಕು, ಅಲ್ಲಿ ಫ್ಲೋರೊಕಾರ್ಬನ್. ಜೊಂಡಿನ ನಡುವೆ ನೀರಿನ ಮೇಲೆ ರಬ್ಬರ್ ಕಪ್ಪೆಯನ್ನು ಓಡಿಸಿ ಕೊರವ ಮೀನು ಹಿಡಿಯುವವನಿಗೆ ತೇಲುವ, ಹಿಗ್ಗದ ಹೆಣೆದ ದಾರ. ಕರಾವಳಿಯ ಬಂಡೆಯ ಮೇಲೆ ನಿಂತು ದೂರಕ್ಕೆ ಎಸೆಯುವವನು ಎರಡನ್ನೂ ಜೋಡಿಸುತ್ತಾನೆ: ಉರುಳೆಯಿಂದ ಬರುವ ಉದ್ದದ ದಾರ ಹೆಣೆದದ್ದು, ಕೊಕ್ಕೆಯ ಹತ್ತಿರದ ಒಂದೆರಡು ಮೀಟರ್ ಮಾತ್ರ ಫ್ಲೋರೊಕಾರ್ಬನ್. ಮದ್ದೂರಿನ ತಾತನ ಮೊಮ್ಮಗ ಮೊದಲನೆಯದಕ್ಕೆ ಕಾರಣವನ್ನು ನನಗಿಂತ ಚೆನ್ನಾಗಿ ಹೇಳಿದ: ದಾರ ಮುಳುಗಿದರೆ ಬೆಂಡು ಓರೆಯಾಗುತ್ತದೆ, ಮೀನು ಕಚ್ಚಿದೆ ಎಂದು ಮೋಸ ಹೋಗುತ್ತೇವೆ.

ಫ್ಲೋರೊಕಾರ್ಬನ್ನಿನಲ್ಲೇ ಬಗೆಗಳಿವೆ. ಉರುಳೆಗೆ ಸುತ್ತಲು ಮಾಡಿದ್ದು ಮೆತ್ತಗೆ, ತುದಿಗೆ ಕಟ್ಟಲು ಮಾಡಿದ್ದು ಬಿರುಸು. ದಪ್ಪವನ್ನು ಇಡೀ ಉರುಳೆಗೆ ಯಾಕೆ ಸುತ್ತುವುದಿಲ್ಲ ಎಂಬುದಕ್ಕೆ ಒಂದು ಸೊಗಸಾದ ಲೆಕ್ಕವಿದೆ. ವ್ಯಾಸ 0.25 ಮಿಲಿಮೀಟರಿನಿಂದ 0.50ಕ್ಕೆ ಹೋದರೆ ಅಡ್ಡಸೀಳಿಕೆಯ ವಿಸ್ತೀರ್ಣ ನಾಲ್ಕು ಪಟ್ಟು, ಬಲವೂ ಹೆಚ್ಚುಕಡಿಮೆ ನಾಲ್ಕು ಪಟ್ಟು. ಆದರೆ ಬಾಗಲು ಒಡ್ಡುವ ವಿರೋಧ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣ. ಅದು ಹದಿನಾರು ಪಟ್ಟು. ಅಷ್ಟು ಬಿರುಸಾದ ಎಳೆ ಉರುಳೆಯಿಂದ ಸ್ಪ್ರಿಂಗಿನಂತೆ ಚಿಮ್ಮಿ ಸಿಕ್ಕಾಗುತ್ತದೆ.

ಇಪ್ಪತ್ತು ಪೌಂಡಿನ ದಾರದಲ್ಲಿ ನೂರಿಪ್ಪತ್ತು ಪೌಂಡಿನ ಮೀನು ಹಿಡಿಯಬಹುದೇ ಎಂಬುದು ನಾನು ಮನೆಗೆ ಕೊಟ್ಟ ಪ್ರಶ್ನೆ. ಸಂಖ್ಯೆಯನ್ನು ಸುಮ್ಮನೆ ತೆಗೆದುಕೊಂಡದ್ದಲ್ಲ. 1946ರಲ್ಲಿ ಕಬಿನಿ ನದಿಯಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗನ್ ಹಿಡಿದ ಮಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. (ಅವರ ದಾರ ಇಪ್ಪತ್ತು ಪೌಂಡಿನದೆಂದು ಇದರ ಅರ್ಥವಲ್ಲ.) ಕಾವೇರಿ ಕೊಳ್ಳದ ಈ ಡುಬ್ಬದ ಮಶೀರನ್ನು 2018ರಲ್ಲಿ ವಿಜ್ಞಾನಿಗಳು ಟಾರ್ ರೇಮಾದೇವಿ ಎಂದು ಗುರುತಿಸಿದರು, ಅದು ಈಗ ಅಳಿವಿನ ತೀವ್ರ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಪ್ರಶ್ನೆಗೆ ಉತ್ತರ 'ಹಿಡಿಯಬಹುದು'. ನೀರೊಳಗೆ ಮೀನಿನ ತೂಕವನ್ನು ಹೆಚ್ಚುಕಡಿಮೆ ಪೂರ್ತಿ ನೀರೇ ಹೊರುತ್ತದೆ, ದಾರ ತಡೆಯಬೇಕಾದದ್ದು ಮೀನಿನ ಎಳೆತವನ್ನು ಮಾತ್ರ. ಎಳೆತ ಮಿತಿ ಮೀರುವ ಮೊದಲೇ ಉರುಳೆಯ ತಡೆ ಜಾರಿ ದಾರ ಬಿಡುತ್ತದೆ. ಮಾರನೆಯ ದಿನ ಮೂವರು ಪ್ಲವನ ಬಲ ಎಂಬ ಪದವನ್ನು ತಾವಾಗಿಯೇ ಬಳಸಿ ಬರೆದು ತಂದಿದ್ದರು.

ಒಂದು ಗುಣ ಪೊಟ್ಟಣದ ಮೇಲೆ ಇರುವುದಿಲ್ಲ. ಬಿಸಿಲಿಗೂ ನೀರಿಗೂ ಜಗ್ಗದಿರುವುದು ಫ್ಲೋರೊಕಾರ್ಬನ್ನಿನ ಹೆಗ್ಗಳಿಕೆ. ಕೆರೆಯ ದಡದಲ್ಲಿ ತುಂಡಾಗಿ ಬಿದ್ದ ಮೇಲೂ ಅದು ಜಗ್ಗುವುದಿಲ್ಲ. ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಚ್ಚುವವರಿಲ್ಲ. ನಮ್ಮ ಮಕ್ಕಳಿಗೆ ಹೊಸಕೆರೆಹಳ್ಳಿ, ಯಡಿಯೂರು ಕೆರೆಗಳು ನಡೆದು ಹೋಗುವಷ್ಟು ಹತ್ತಿರ; ಗಾಳಿಪಟದ ಮಾಂಜಾಕ್ಕೆ ಸಿಕ್ಕ ಹದ್ದನ್ನು ನೋಡಿದವರು ತರಗತಿಯಲ್ಲಿ ಐದಾರು ಮಂದಿ ಇದ್ದರು. ಹೋಲಿಕೆಯ ಕೋಷ್ಟಕಕ್ಕೆ 'ಬಿಸಾಡಿದ ಮೇಲೆ' ಎಂಬ ಹೊಸ ಅಂಕಣ ಸೇರಿಸಿದವರು ಅವರೇ. ಅದರಲ್ಲಿ ಮೂರು ದಾರಗಳಿಗೂ ಒಳ್ಳೆಯ ಅಂಕ ಸಿಗಲಿಲ್ಲ.

ಪಾಠ ಮಾಡುವವರಿಗೆ ಕೆಲವು ಸೂಚನೆ. ಕೊಕ್ಕೆಯನ್ನು ತರಗತಿಗೆ ತರಲೇಬೇಡಿ, ದಾರ ಸಾಕು. ಪ್ರತಿ ಗುಂಪಿಗೆ ತುಂಡುಗಳನ್ನು ಎಣಿಸಿ ಕೊಡಿ, ಎಣಿಸಿಯೇ ವಾಪಸು ಪಡೆಯಿರಿ. ಫ್ಲೋರೊಕಾರ್ಬನ್ ದುಬಾರಿ, ತುದಿಗೆ ಕಟ್ಟುವ ಚಿಕ್ಕ ಸುತ್ತು ತೆಗೆದುಕೊಂಡರೆ ನಾಲ್ಕೈದು ಶಾಲೆಗಳಿಗೆ ಸಾಕಾಗುತ್ತದೆ. ಸಕ್ಕರೆ ಪಾಕವನ್ನು ಪ್ರಯೋಗಾಲಯದ ಬೀಕರಿನಲ್ಲಿ ಮಾಡಿದ್ದರೆ ಯಾರೂ ರುಚಿ ನೋಡದಂತೆ ಮೊದಲೇ ಹೇಳಿ. ಲೋಟಗಳನ್ನು ಅವಧಿ ಮುಗಿದ ಕೂಡಲೇ ತೊಳೆಸಿಬಿಡಿ, ಇಲ್ಲದಿದ್ದರೆ ಮಾರನೆಯ ಬೆಳಗ್ಗೆ ಬೆಂಚಿನ ತುಂಬ ಇರುವೆ.